ಜೇಬಿನೊಳಗಿನ ಕೆಂಪು ದೀಪ

ಫೆಬ್ರವರಿ 7, 2011, ಸೋಮವಾರ

ಕೆಲಸ ಸಿಕ್ಕಿತು. ಅರ್ಧ ಸಿಕ್ಕಿತು ಎಂದರೆ ಹೆಚ್ಚು ಸರಿ.

ಸೆನ್ಯೋರಾ ಉರ್ಬಿನಾ ಅವರ ಅನುವಾದ ಕಚೇರಿ. ನಾನು ಬರೆದುಕೊಟ್ಟಿದ್ದ ಪರೀಕ್ಷೆಯ ಹಾಳೆಗಳನ್ನು ನನ್ನೆದುರಿಗೇ ಓದಿದರು. ತಲೆಯೆತ್ತಿ ನನ್ನನ್ನು ನೋಡಿದರು, ಮತ್ತೆ ಹಾಳೆ ನೋಡಿದರು.

"ಇದನ್ನ ಬರೆದಿದ್ದು ನೀನೇನಾ ಅನಾಯಿ? ಬಾಯಿ ಬಿಟ್ರೆ ಇಲಿಮರಿ ಹಾಗೆ ಕೇಳಿಸುತ್ತೆ, ಬರವಣಿಗೆ ನೋಡಿದ್ರೆ ನ್ಯಾಯಾಧೀಶೆ ಥರ ಇದೆ."

ನಾನು ನಕ್ಕೆನೋ ಇಲ್ಲವೋ ನೆನಪಿಲ್ಲ. ಕುರ್ಚಿಯ ಕೈ ಹಿಡಿದುಕೊಂಡಿದ್ದೆ.

ಕಚೇರಿಯ ದೊಡ್ಡ ಗಿರಾಕಿಗಳೆಲ್ಲ ಮ್ಯಾಡ್ರಿಡ್‌ನವರು. ಅವರು ಮಧ್ಯಾಹ್ನದ ಊಟಕ್ಕೆ ಏಳುವ ಹೊತ್ತಿಗೆ ನಮ್ಮ ಮೆಕ್ಸಿಕೋದಲ್ಲಿ ಆಗಷ್ಟೇ ಬೆಳಗಾಗುತ್ತಿರುತ್ತದೆ. ಅವರ ಪ್ರಶ್ನೆಗಳು ಬರುವುದು ಸರಿಯಾಗಿ ಆಗಲೇ.

"ಆರೂವರೆಗೆ ಎಲ್ಲಿರ್ತೀಯ?"

"ಕೊಂಬಿಯಲ್ಲಿ ಸೆನ್ಯೋರಾ." ನಮ್ಮ ಗುಡ್ಡದ ಬಡಾವಣೆಯಿಂದ ಮೆಟ್ರೋ ನಿಲ್ದಾಣಕ್ಕೆ ಬೇರೆ ದಾರಿಯೇ ಇಲ್ಲ. ಆ ಡಬ್ಬಿ ವ್ಯಾನಿನಲ್ಲಿ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತೇ ಬರಬೇಕು.

"ಹಾಗಾದ್ರೆ ಕೊಂಬಿಯಿಂದಲೇ ಉತ್ತರ ಕೊಡು. ಮೇಲ್ ಬರೋ ಫೋನ್ ಒಂದು ತಗೋ. ಮ್ಯಾಡ್ರಿಡ್‌ನವರನ್ನ ಕಾಯಿಸೋ ಹಾಗಿಲ್ಲ. ಏಪ್ರಿಲ್ ಕೊನೇವರೆಗೂ ನೋಡ್ತೀನಿ. ಸರಿಹೋದ್ರೆ ಕಾಯಂ."

ಕಾಯಂ ಆದರೆ ಸರ್ಕಾರಿ ವಿಮೆ ಸಿಗುತ್ತದೆ. ನಾವೆಲ್ಲ ಸೆಗುರೊ ಎನ್ನುವುದು ಅದಕ್ಕೇ. ಅದರಲ್ಲಿ ಅಮ್ಮನ ಹೆಸರನ್ನೂ ಸೇರಿಸಬಹುದು. ಅಮ್ಮನ ಎರಡೂ ಕಣ್ಣುಗಳಲ್ಲಿ ಪೊರೆ ಬಂದಿದೆ. ಇನ್ನೂ ತಡಮಾಡಿದರೆ ಪೊರೆ ಕಲ್ಲಿನಂತೆ ಗಟ್ಟಿಯಾಗುತ್ತದೆ, ಆಮೇಲೆ ತೆಗೆಯುವುದು ಕಷ್ಟ ಎಂದು ಔಷಧಿ ಅಂಗಡಿಯ ಪಕ್ಕ ಕೂರುವ ಡಾಕ್ಟರು ಎಚ್ಚರಿಸಿದ್ದಾರೆ. ಅಮ್ಮ ಸಂತೆಯ ಹೆಂಗಸರಿಗೆ ಏಪ್ರನ್ ಹೊಲಿಯುತ್ತಾಳೆ. ಈಗ ಕಣ್ಣಿಗಿಂತ ಹೆಚ್ಚಾಗಿ ಬೆರಳಿನಿಂದಲೇ ಹೊಲಿಯುತ್ತಾಳೆ.

ಮನೆಗೆ ಬಂದು ವಿಷಯ ಹೇಳಿದೆ. ಅಮ್ಮ ದನಿ ಬಂದ ಕಡೆಗೆ ಮುಖ ತಿರುಗಿಸಿದಳು. "ಬರೆಯೋ ಕೆಲಸ ತಾನೆ? ಮಾತಾಡೋ ಕೆಲಸ ಅಲ್ವಲ್ಲ? ಹಾಗಿದ್ರೆ ನೀನು ಗೆದ್ದೆ ಬಿಡು."

ಫೆಬ್ರವರಿ 12, ಶನಿವಾರ

ಫೋನ್ ತಂದೆ.

ಸಂತೆಯಲ್ಲಿ ಚಾತೋನ ಅಂಗಡಿ. ಅವನು ಎಲ್ಲ ಹುಡುಗಿಯರನ್ನೂ ಗ್ವೆರೀತಾ, ಬಿಳಿ ಹುಡುಗಿ, ಎಂದೇ ಕರೆಯುತ್ತಾನೆ. ಹಾಲು ಹಾಕದ ಕಾಫಿಯ ಬಣ್ಣದ ನನ್ನನ್ನೂ ಬಿಡಲಿಲ್ಲ.

"ಹೇಳು ಗ್ವೆರೀತಾ. ಮಾತಾಡೋಕಾ, ಹಾಡು ಕೇಳೋಕಾ, ಬೇರೆಯವರ ಹೊಟ್ಟೆ ಉರಿಸೋಕಾ?"

"ಮೇಲ್‌ಗೆ."

"ಆಂ?"

"ಮೇಲ್‌ಗೆ."

"ಜೋರಾಗಿ ಹೇಳಮ್ಮ ತಾಯಿ, ಪಕ್ಕದಂಗಡೀಲಿ ಕುಂಬಿಯಾ ಹಾಡು ಜೋರಾಗಿ ಹಾಕಿದಾರೆ."

ಮೂರು ಫೋನುಗಳನ್ನು ಮಖಮಲ್ಲಿನ ಮೇಲೆ ಜೋಡಿಸಿದ. ಮೊದಲನೆಯದು ಇಡೀ ಗಾಜು, ನೋಡಲು ಚೆಂದ. ಆದರೆ ಅದರಲ್ಲಿ ಬರೆಯಬೇಕಾದರೆ ಮುಖದೆದುರು ಹಿಡಿದುಕೊಂಡು ನೋಡುತ್ತಲೇ ಇರಬೇಕು. ಕತ್ತಲೆಯ ಕೊಂಬಿಯಲ್ಲಿ ಅದನ್ನು ಹಿಡಿದು ಕೂರುವುದು ಕಳ್ಳರಿಗೆ ದೀಪ ಹಚ್ಚಿ ದಾರಿ ತೋರಿಸಿದ ಹಾಗೆ. ಎರಡನೆಯದು ಗಟ್ಟಿಮುಟ್ಟು, ಬ್ಯಾಟರಿ ದಿನಗಟ್ಟಲೆ ಬಾಳುತ್ತದೆ, ಆದರೆ ಪತ್ರದ ಜೊತೆ ಬರುವ ಕಡತಗಳು ತೆರೆಯುವುದಿಲ್ಲ. ಮೂರನೆಯದಕ್ಕೆ ಪರದೆಯ ಕೆಳಗೆ ಕುಂಬಳದ ಬೀಜದಷ್ಟು ಸಣ್ಣ ಕೀಲಿಗಳು, ಅಕ್ಷರಕ್ಕೊಂದು. ನೋಡದೆಯೇ, ಶಾಲಿನ ಕೆಳಗೇ ಒತ್ತಬಹುದು. ಪತ್ರ ಬಂದರೆ ಸದ್ದಿಲ್ಲ. ಮೂಲೆಯಲ್ಲಿ ಒಂದು ಕೆಂಪು ದೀಪ ಮಿಣುಕುತ್ತದೆ, ಅಷ್ಟೇ.

"ಇದಕ್ಕೆ ಒಂದೇ ದೋಷ," ಎಂದ ಚಾತೋ. "ಊರಿನ ಕಳ್ಳರಿಗೆಲ್ಲ ಇದರ ಮೇಲೇ ಪ್ರೀತಿ."

ಮೂರನೆಯದನ್ನೇ ಆರಿಸಿದೆ. ಜೊತೆಗೆ ಹಳೆಯದೊಂದು ಸವೆದ ಫೋನನ್ನೂ ಸುಮ್ಮನೆ ಕೊಟ್ಟ. "ಇದು ಬಲಿಗೆ." ನಮ್ಮ ಮಾರ್ಗದಲ್ಲಿ ಎಲ್ಲರ ಬಳಿಯೂ ಎರಡೆರಡು ಇರುತ್ತವೆ. ಕೇಳಿದವರಿಗೆ ಕೊಡಲು ಒಂದು, ಬದುಕಲು ಒಂದು.

ಫೆಬ್ರವರಿ 13, ಭಾನುವಾರ

ಒಳ್ಳೆಯ ಫೋನಿಗಾಗಿ ನನ್ನ ರವಿಕೆಗಳಿಗೆಲ್ಲ ಅಮ್ಮ ಒಳಜೇಬು ಹೊಲಿದಳು, ಎಡಗಡೆ, ಪಕ್ಕೆಲುಬಿನ ಮೇಲೆ. ಗಂಟು ಬಿಚ್ಚಿ ಬಟ್ಟೆಯನ್ನು ಬೆರಳಿನಿಂದಲೇ ಹುಡುಕಿ ತೆಗೆದಳು. "ದಪ್ಪ ಕಪ್ಪು ಬಟ್ಟೆ. ಒಳಗೆ ಏನಿದೆ ಅಂತ ದೇವರಿಗೂ ಕಾಣಲ್ಲ."

ಅದು ಬಿಳಿ ಅಸ್ತರಿನ ತೆಳು ಬಟ್ಟೆ.

ಹೊಲಿಗೆ ಎಷ್ಟು ನೇರವಾಗಿತ್ತೆಂದರೆ ಹೇಳಲು ಮನಸ್ಸಾಗಲಿಲ್ಲ. "ಚೆನ್ನಾಗಿದೆ ಅಮ್ಮಾ" ಎಂದೆ. ಹೇಗೂ ಮೇಲೆ ಶಾಲು ಇರುತ್ತದೆ.

ಫೆಬ್ರವರಿ 17, ಗುರುವಾರ

ಕೊಂಬಿ ಹತ್ತಿದವರು ಎಲ್ಲರಿಗೂ ಕೇಳುವಂತೆ ಶುಭೋದಯ ಹೇಳಬೇಕು, ಕೂತವರೆಲ್ಲ ಮರಳಿ ಹೇಳಬೇಕು. ಇದು ನಮ್ಮಲ್ಲಿ ತಪ್ಪದ ರೂಢಿ. ಅಳುತ್ತಾ ಹತ್ತಿದವರೂ ಹೇಳುತ್ತಾರೆ. ನಾನು ವರ್ಷಗಳಿಂದ ತುಟಿ ಮಾತ್ರ ಅಲ್ಲಾಡಿಸುತ್ತಾ ಬಂದಿದ್ದೇನೆ.

ಇವತ್ತು ದೋನ್ಯಾ ತೋಮಾಸಾ ಸಿಕ್ಕಿಬೀಳಿಸಿದರು. "ಮಗಳೇ, ನಿನ್ನ ತುಟಿ ಎದ್ದಿದೆ, ಗಂಟಲು ಇನ್ನೂ ಹಾಸಿಗೆಯಲ್ಲೇ ಇದೆ!" ಕೊಂಬಿಯೆಲ್ಲ ನಕ್ಕಿತು. ನನ್ನ ಕಿವಿ ಬಿಸಿಯಾಯಿತು.

ದೋನ್ಯಾ ತೋಮಾಸಾ ಮೆಟ್ರೋ ಬಾಗಿಲಲ್ಲಿ ಜೆಲ್ಲಿ ಮಾರುತ್ತಾರೆ. ತೊಡೆಯ ಮೇಲೆ ಪಾರದರ್ಶಕ ಪೆಟ್ಟಿಗೆ, ಅದರೊಳಗೆ ನಡುಗುವ ಲೋಟಗಳು: ಕೆಂಪು, ಹಸಿರು, ಹಾಲಿನ ಬಿಳಿ. ಅಮ್ಮ ಹೊಲಿದ ಏಪ್ರನ್ ಹಾಕಿಕೊಂಡು ಯಾವಾಗಲೂ ನನ್ನ ಪಕ್ಕದಲ್ಲೇ ಕೂರುತ್ತಾರೆ. ಅವರ ಫೋನಿನಲ್ಲಿ ಮೊಮ್ಮಗಳ ಹಾಡಿನ ಧ್ವನಿಮುದ್ರಣವಿದೆ. ಮಗಳು ರೊಸಾಲ್ಬಾ ದೂರದ ತಿಹುವಾನಾದಲ್ಲಿದ್ದಾಳೆ, ಭಾನುವಾರ ಮಾತ್ರ ಫೋನ್ ಮಾಡುತ್ತಾಳೆ. ಆ ಹಾಡನ್ನು ನನಗೆ ಎಷ್ಟು ಸಲ ಕೇಳಿಸಿದ್ದಾರೋ. ಪ್ರತಿ ಸಲವೂ ನಡುವೆ ಮಗು ಕೆಮ್ಮುವ ಜಾಗ ಬಂದಾಗ "ಈಗ ನೋಡು, ಈಗ" ಎನ್ನುತ್ತಾರೆ.

ಎದುರಿನ ಸೀಟಿನಲ್ಲಿ ನಿದ್ದೆಯಲ್ಲೂ ಜೋಳದ ಹಿಟ್ಟಿನ ತಮಾಲಿನ ಪೊಟ್ಟಣ ಬಿಡದ ಕಾವಲುಗಾರ. ಕನ್ನಡಿಯಿಲ್ಲದೆ ರೆಪ್ಪೆಗೆ ಬಣ್ಣ ಹಚ್ಚಿಕೊಳ್ಳುವ ಹುಡುಗಿ. ಅವಳು ರಸ್ತೆಯ ಉಬ್ಬುಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡಿದ್ದಾಳೆ, ಉಬ್ಬು ಬರುವ ಮುಂಚೆಯೇ ಕೈ ಎತ್ತುತ್ತಾಳೆ.

ಅಷ್ಟರಲ್ಲಿ ಪಕ್ಕೆಯಲ್ಲಿ ಕೆಂಪು ದೀಪ. ಶಾಲಿನ ಕೆಳಗೇ ಉತ್ತರ ಬರೆದೆ. ಮ್ಯಾಡ್ರಿಡ್‌ನವರು ಕೂಡಲೇ ಧನ್ಯವಾದ ಕಳಿಸಿದರು. ಅವರಿಗೆ ನನ್ನ ದನಿ ಹೇಗಿದೆಯೆಂದು ಗೊತ್ತಿಲ್ಲ.

ಮಾರ್ಚ್ 3

ಬೆರಳುಗಳು ಪಳಗಿವೆ. ಪತ್ರದಲ್ಲಿ ನನ್ನ ದನಿ ನಡುಗುವುದಿಲ್ಲ. 'ಈ ವಾಕ್ಯ ಹೀಗೇ ಇರಲಿ, ಬದಲಿಸಬೇಡಿ' ಎಂದು ಇವತ್ತು ಒಬ್ಬ ದೊಡ್ಡ ಮನುಷ್ಯನಿಗೆ ಬರೆದೆ. ಅವನು ಬದಲಿಸಲಿಲ್ಲ.

ಮಾರ್ಚ್ 15, ಮಂಗಳವಾರ

ಕೆಟ್ಟ ದಿನ. ಗುಡ್ಡದ ತಿರುವಿನಲ್ಲಿ ಟ್ರಕ್ ಅಡ್ಡ ಬಿದ್ದು ಕೊಂಬಿ ನಿಂತಿತು. ಅಲ್ಲಿ ಸಿಗ್ನಲ್ ಇರುವುದಿಲ್ಲ. ಮ್ಯಾಡ್ರಿಡ್‌ನ ಪತ್ರ ನನ್ನ ಕೈಸೇರಿದ್ದು ತೀರ ತಡವಾಗಿ.

"ಅವರು ನೇರವಾಗಿ ನನಗೇ ಫೋನ್ ಮಾಡಿದ್ರು," ಎಂದರು ಸೆನ್ಯೋರಾ ಉರ್ಬಿನಾ. "ನಾನು ಸ್ನಾನದ ಮನೇಲಿದ್ದೆ. ಸೋಪಿನ ಕೈಯಲ್ಲಿ ಕ್ಷಮೆ ಕೇಳಿದೆ. ಇನ್ನೊಂದ್ಸಲ ಹೀಗಾದ್ರೆ ನಾನು ಏಪ್ರಿಲ್‌ವರೆಗೂ ಕಾಯಲ್ಲ ಅನಾಯಿ."

ಟ್ರಕ್ಕಿನ ವಿಷಯ ಹೇಳಬೇಕೆಂದಿದ್ದೆ. ಗಂಟಲು ಏಳಲಿಲ್ಲ.

ಮನೆಗೆ ಬಂದರೆ ಅಮ್ಮ ಬೆರಳಿಗೆ ಬಟ್ಟೆ ಸುತ್ತಿಕೊಂಡು ಕೂತಿದ್ದಳು. ಹೊಲಿಗೆ ಯಂತ್ರದ ಸೂಜಿ ಉಗುರಿನ ಮೂಲಕ ಇಳಿದಿದೆ. "ಏನಿಲ್ಲ ಬಿಡು, ಬೆರಳು ಯಾವುದು, ಬಟ್ಟೆ ಯಾವುದು ಅಂತ ಒಂದು ಗಳಿಗೆ ಜಗಳ ಆಯ್ತು." ನಗುತ್ತಲೇ ಹೇಳಿದಳು. ಜೋಳದ ಗಂಜಿಗೆ, ಆತೋಲೆಗೆ, ಸಕ್ಕರೆಯ ಬದಲು ಉಪ್ಪು ಹಾಕಿದ್ದಳು. ನಾನು ಪೂರ್ತಿ ಕುಡಿದೆ.

ಏಪ್ರಿಲ್. ಏಪ್ರಿಲ್‌ವರೆಗೆ ಏನೂ ತಪ್ಪಬಾರದು.

ಮಾರ್ಚ್ 29

ತುಂಬ ಪತ್ರಗಳು. ಕೊಂಬಿಯಲ್ಲಿ ಯಾರಿದ್ದರೆಂದು ನೆನಪಿಲ್ಲ. ದೋನ್ಯಾ ತೋಮಾಸಾ ಹಾಡು ಕೇಳಿಸಿದರು, ಕೆಮ್ಮು ಬಂದಿರಬೇಕು.

ಏಪ್ರಿಲ್ 6, ಬುಧವಾರ

ಕ್ರಮವಾಗಿ ಬರೆಯುತ್ತೇನೆ.

ಭಾನುವಾರ ಗಡಿಯಾರಗಳನ್ನು ಮುಂದೆ ತಿರುಗಿಸಿದ ಮೇಲೆ ಬೆಳಗಿನ ಪ್ರಯಾಣ ಮತ್ತೆ ಕತ್ತಲಲ್ಲಿ. ಸೇತುವೆಯ ಕೆಳಗೆ ಇಬ್ಬರು ಹತ್ತಿದರು. ಒಬ್ಬ ಶುಭೋದಯ ಎಂದ. ಎಲ್ಲರೂ ಮರಳಿ ಹೇಳಿದರು. ಅವನು ಬಾಗಿಲೆಳೆದು ಪಿಸ್ತೂಲು ತೆಗೆದ.

"ಎಲ್ಲರಿಗೂ ಗೊತ್ತಲ್ಲ ಹೇಗೆ ಅಂತ! ತಲೆ ಕೆಳಗೆ, ಕೈ ಮೇಲೆ. ಡ್ರೈವರ್, ನೀನು ಓಡಿಸ್ತಾ ಇರು, ಪುಣ್ಯಾತ್ಮ."

ಇನ್ನೊಬ್ಬ ಚೀಲ ಹಿಡಿದು ಬಂದ. ಬಲಿಯ ಫೋನುಗಳು ಒಂದೊಂದಾಗಿ ಬಿದ್ದವು. ನನ್ನದನ್ನೂ ಹಾಕಿದೆ. ಅವನು ಚೀಲದೊಳಗೆ ಇಣುಕಿ ಸಿಟ್ಟಾದ.

"ಏನ್ರೀ ಇದು, ಗುಜರಿ ಅಂಗಡಿನಾ? ನಮ್ಮನ್ನೇನು ದಡ್ಡರು ಅಂದ್ಕೊಂಡಿದೀರಾ? ಒಳ್ಳೇದು ತೆಗೀರಿ!" ಕಾವಲುಗಾರನ ಕೆನ್ನೆಗೆ ಬಾರಿಸಿದ. ಅವನು ಬೂಟಿನೊಳಗಿನಿಂದ ತನ್ನ ಫೋನ್ ತೆಗೆದುಕೊಟ್ಟ. "ಶಾಲು ಹಾಕ್ಕೊಂಡಿರೋರೆಲ್ಲ ತೆಗೀರಿ." ನನ್ನ ಶಾಲನ್ನು ಅವನೇ ಎಳೆದು ಕೆಳಗೆ ಬಿಸಾಡಿದ. ಏನೂ ಕಾಣದೆ ಎದುರು ಸಾಲಿಗೆ ತಿರುಗಿದ.

ಆಗ ಪತ್ರ ಬಂತು.

ನನ್ನ ಪಕ್ಕೆಯಲ್ಲಿ, ತೆಳು ರವಿಕೆಯೊಳಗೆ, ಅಮ್ಮನ ಬಿಳಿ ಜೇಬಿನೊಳಗೆ ಕೆಂಪು ದೀಪ ಹೊತ್ತಿತು. ಆರಿತು. ಹೊತ್ತಿತು. ಆ ಕತ್ತಲಲ್ಲಿ ಅದೊಂದೇ ಬೆಳಕು. ಕೈ ಮೇಲಿತ್ತು, ಮುಚ್ಚಿಕೊಳ್ಳುವ ಹಾಗಿರಲಿಲ್ಲ. ಉಸಿರು ಹಿಡಿದರೆ ದೀಪ ಆರುತ್ತದೆ ಎನ್ನುವಂತೆ ಉಸಿರು ಹಿಡಿದೆ. ಎದುರಿಗೆ ರೆಪ್ಪೆ ಬಣ್ಣದ ಹುಡುಗಿ ಅದನ್ನೇ ನೋಡುತ್ತಿದ್ದಳು. ನನಗೆ ಕಾಣಿಸಿದ್ದು ಪಿಸ್ತೂಲಲ್ಲ, ಅಮ್ಮನ ಬೆರಳಿನ ಬಟ್ಟೆ.

ದೋನ್ಯಾ ತೋಮಾಸಾ ಕೈ ಇಳಿಸಿದರು. ತೊಡೆಯ ಮೇಲಿನ ಪೆಟ್ಟಿಗೆಯನ್ನು ಎತ್ತಿ ನನ್ನ ಎದೆಗೆ ಆನಿಸಿದರು. ಕೆಂಪು ಜೆಲ್ಲಿಗಳ ಸಾಲು ನನ್ನ ಕಡೆಗಿತ್ತು. ದೀಪ ಜೆಲ್ಲಿಯೊಳಗೆ ಹೊಕ್ಕು ಎಲ್ಲೋ ಕಳೆದುಹೋಯಿತು.

"ಏಯ್ ಮುದುಕಿ! ಯಾರು ಅಲ್ಲಾಡು ಅಂದಿದ್ದು? ಏನು ಮುಚ್ಚಿಡ್ತಿದೀಯ?"

"ಬೀಳ್ತಿತ್ತಪ್ಪ ಪೆಟ್ಟಿಗೆ. ಬಿದ್ರೆ ನೀನು ಕೊಂಡ್ಕೋತೀಯಾ?"

"ತೆಗಿ ಪೆಟ್ಟಿಗೆ!"

ಅವರು ಪೆಟ್ಟಿಗೆ ಸರಿಸಲಿಲ್ಲ. ಇನ್ನೊಂದು ಕೈಯನ್ನು ಏಪ್ರನ್ನಿನೊಳಗೆ ಹಾಕಿ ತಮ್ಮ ಫೋನ್ ತೆಗೆದರು, ಹಾಡಿರುವ ಫೋನ್. "ತಗೋ. ಇದನ್ನೇ ಮುಚ್ಚಿಡ್ತಿದ್ದೆ. ಸಿಕ್ಕಿಬಿದ್ದೆ. ಸಾಕಾ?" ಅವನು ಕಿತ್ತುಕೊಂಡ. ಮುಂದಿನ ತಿರುವಿನಲ್ಲಿ ಇಬ್ಬರೂ ಇಳಿದು ಓಡಿದರು.

ದೋನ್ಯಾ ತೋಮಾಸಾ ಪೆಟ್ಟಿಗೆ ತೆರೆದು ಲೋಟಗಳನ್ನು ಹಂಚತೊಡಗಿದರು. "ತಗೊಳ್ಳಿ, ತಗೊಳ್ಳಿ. ಹೆದರಿ ಎಲ್ಲಾ ಸೊಟ್ಟಗಾಗಿವೆ, ಇನ್ನು ಮಾರೋಕಾಗಲ್ಲ." ಎಲ್ಲರೂ ನಡುಗುವ ಜೆಲ್ಲಿ ತಿಂದರು. ಕಾವಲುಗಾರ ಕೆನ್ನೆ ಹಿಡಿದುಕೊಂಡೇ ನಕ್ಕ. ನನ್ನ ತೊಡೆಯ ಮೇಲೂ ಒಂದು ಲೋಟ ಇಟ್ಟರು.

ನಾನು ಫೋನ್ ತೆಗೆದು ನೋಡಿದೆ. ಬಟ್ಟೆ ಒಗೆಯುವ ಯಂತ್ರದ ಕೈಪಿಡಿ. ಮೆಕ್ಸಿಕೋದ ಮನೆಗಳಲ್ಲಿ ಅದನ್ನು 'ಮುಚ್ಚಳ' ಎನ್ನುತ್ತಾರೋ 'ಬಾಗಿಲು' ಎನ್ನುತ್ತಾರೋ ಎಂದು ಮ್ಯಾಡ್ರಿಡ್‌ನವರು ಕೇಳಿದ್ದರು, ಮುದ್ರಣಕ್ಕೆ ಹೋಗುವ ಮುಂಚೆ. ಮೆಟ್ರೋ ನಿಲ್ದಾಣ ಬರುವಷ್ಟರಲ್ಲಿ ಕಾರಣಸಹಿತ ಉತ್ತರ ಕಳಿಸಿದೆ. ಒಂದೂ ತಪ್ಪಿರಲಿಲ್ಲ.

ಜೆಲ್ಲಿಯನ್ನು ಸೀಟಿನ ಮೇಲೇ ಮರೆತೆ.

ಏಪ್ರಿಲ್ 7, ಗುರುವಾರ

ದೋನ್ಯಾ ತೋಮಾಸಾರ ಪಕ್ಕ ಕೂತೆ. ಎಷ್ಟೋ ಸಲ ಮನಸ್ಸಿನಲ್ಲಿ ಹೇಳಿಕೊಂಡು ಕೊನೆಗೆ, "ಈ ಶನಿವಾರ ನಿಮಗೆ ಫೋನ್ ಕೊಡಿಸ್ತೀನಿ ದೋನ್ಯಾ," ಎಂದೆ.

"ಮೊದಲು ನಿಮ್ಮಮ್ಮನ ಕಣ್ಣು ನೋಡ್ಕೋ ಮಗಳೇ."

"ರೊಸಾಲ್ಬಾ ನಂಬರ್?"

"ಎಲ್ಲಾ ಅದರಲ್ಲೇ ಇತ್ತು. ಭಾನುವಾರ ಮಾಡ್ತಾಳಲ್ಲ, ಕಳ್ಳನೇ ಎತ್ತಲಿ. ನನ್ನ ಮಗಳ ಬಾಯಿ ಎಂಥದ್ದು ಅಂತ ಅವನಿಗೂ ಗೊತ್ತಾಗ್ಲಿ." ನಕ್ಕರು. ಆಮೇಲೆ, "ಆದ್ರೆ ಆ ಕೆಮ್ಮು..." ಎಂದೇನೋ ಹೇಳತೊಡಗಿದರು. ಅಷ್ಟರಲ್ಲಿ ದೀಪ ಮಿಣುಕಿತು. ಪತ್ರ ಮುಗಿಸಿ ತಿರುಗುವಷ್ಟರಲ್ಲಿ ಅವರು ಕಿಟಕಿ ನೋಡುತ್ತಿದ್ದರು.

ಬಿಳಿ ಬಟ್ಟೆಯ ವಿಷಯ ಅಮ್ಮನಿಗೆ ಹೇಳಲಿಲ್ಲ. ದರೋಡೆಯ ವಿಷಯವೂ. ಇನ್ನು ಕೊಂಬಿಯಲ್ಲಿ ಫೋನಿಗೆ ಕರವಸ್ತ್ರ ಸುತ್ತಿಡಬೇಕು. ಆಗಾಗ ಬಿಚ್ಚಿ ನೋಡಿದರಾಯಿತು.

ಏಪ್ರಿಲ್ 29, ಶುಕ್ರವಾರ

ಕಾಯಂ! ಅಮ್ಮನ ಹೆಸರೂ ಸೇರಿತು!

ಸೆನ್ಯೋರಾ ಉರ್ಬಿನಾ ಎಲ್ಲರನ್ನೂ ಕರೆದು ನಿಲ್ಲಿಸಿಕೊಂಡರು. "ಇವಳ ಕೊಂಬಿಗೆ ಪಿಸ್ತೂಲು ಹಿಡಿದು ನುಗ್ಗಿದ್ರು. ಇಲಿಮರಿ ಏನು ಮಾಡ್ತು ಗೊತ್ತಾ? ಮೇಲ್‌ಗೆ ಉತ್ತರ ಕೊಡ್ತು!" ಎಲ್ಲರೂ ಚಪ್ಪಾಳೆ ತಟ್ಟಿದರು. ನಾನು ತಲೆ ತಗ್ಗಿಸದೆ ನಿಂತಿದ್ದೆ. ಅದು ನನಗೇ ಆಶ್ಚರ್ಯ.

"ಇನ್ಮೇಲೆ ಭಾನುವಾರವೂ ಒಂದು ಸಲ ಕಣ್ಣಾಡಿಸ್ತಿರು, ಸುಮ್ನೆ," ಎಂದರು. ಸುಮ್ಮನೆ ತಾನೆ.

ಅಮ್ಮ ನನ್ನ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬೆರಳಿನಿಂದ ನೋಡಿದಳು. "ಕಣ್ಣು ಬಂದ ಮೇಲೆ ಮೊದಲು ಇದನ್ನೇ ನೋಡೋದು. ಎಷ್ಟು ವರ್ಷ ಆಯ್ತು, ಬರೀ ಮಂಜಿನಲ್ಲೇ ನೋಡಿ ನೋಡಿ. ಹೇಗಿದೀಯೋ ಏನೋ."

ಮೇ 20

ಇತ್ತೀಚೆಗೆ ಕೊಂಬಿಯಲ್ಲಿ ನನ್ನ ಪಕ್ಕ ಯಾರೂ ಕೂರುವುದಿಲ್ಲ. ತೀರ ತುಂಬಿದರೆ ಮಾತ್ರ. ಒಳ್ಳೆಯದೇ, ಮೊಣಕೈಗೆ ಜಾಗ ಸಿಗುತ್ತದೆ.

ದೋನ್ಯಾ ತೋಮಾಸಾ ಈಗ ಮುಂದೆ, ಡ್ರೈವರ್ ಪಕ್ಕ ಕೂರುತ್ತಾರೆ. ಯಾಕೆಂದು ಕೇಳಿದೆ. "ನಿನ್ನ ಆ ಕೆಂಪು ಕಣ್ಣು ನನ್ನ ಎದೆಗೆ ಒಳ್ಳೇದಲ್ಲ ಮಗಳೇ." ಅವರದು ಯಾವಾಗಲೂ ತಮಾಷೆ.

ಫೋನ್ ಬರುವ ಶನಿವಾರ ಕೊಡಿಸಬೇಕು.

ಜೂನ್ 24

ಸೆಗುರೊ ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿದರು. ಜುಲೈ ಹದಿನಾಲ್ಕು, ಮೊದಲು ಬಲಗಣ್ಣು. ಒಳಗೆ ಸಿಗ್ನಲ್ ಇಲ್ಲದ್ದರಿಂದ ನಾನು ಹೊರಗೆ ನಿಂತಿದ್ದೆ. ಅಮ್ಮ ಒಬ್ಬಳೇ ಸಾಲಿನಲ್ಲಿ ನಿಂತು ಕೇಳಿಕೊಂಡು ಬಂದಳು. ಯಾರೋ ಕೈ ಹಿಡಿದು ಮೆಟ್ಟಿಲಿಳಿಸಿದರಂತೆ.

ಜುಲೈ 14, ಗುರುವಾರ

ಆಯಿತು. ಚೆನ್ನಾಗಿ ಆಯಿತಂತೆ. ಡಾಕ್ಟರು ಏನೋ ವಿವರಿಸಿದರು, ಮತ್ತೊಮ್ಮೆ ಕೇಳಬೇಕು. ನಾಳೆ ಬೆಳಗ್ಗೆ ಪಟ್ಟಿ ಬಿಚ್ಚುತ್ತಾರೆ.

ಜುಲೈ 15, ಶುಕ್ರವಾರ

ಅಮ್ಮನಿಗೆ ಕಣ್ಣು ಬಂದಿದೆ!

ಪಟ್ಟಿ ಬಿಚ್ಚುವಾಗ ನಾನು ವರಾಂಡದ ಕೊನೆಯಲ್ಲಿದ್ದೆ. ಕಿಟಕಿಯ ಹತ್ತಿರ ಮಾತ್ರ ಸಿಗ್ನಲ್, ಮ್ಯಾಡ್ರಿಡ್‌ನಲ್ಲಿ ವಾರದ ಕೊನೆಯ ಗಡಿಬಿಡಿ. ಒಳಗೆ ಬರುವಷ್ಟರಲ್ಲಿ ಅಮ್ಮ ದಿಂಬಿಗೊರಗಿ ಕೂತಿದ್ದಳು. ಮಡಿಲಲ್ಲಿ ಮೂರು ಬಣ್ಣದ ಜೆಲ್ಲಿ.

"ತೋಮಾಸಾ ಬಂದಿದ್ಲು. ಮೊದಲು ಕಂಡಿದ್ದು ಇದೇ ಕಣೇ. ಈ ಹಸಿರು ನೋಡು, ಹಸಿರು ಅಂದ್ರೆ ಇಷ್ಟು ಹಸಿರಾ?"

"ಎಲ್ಲಿ ಅವರು?"

"ಈಗ ಹೋದ್ಲು. ನಿನ್ನನ್ನ ವರಾಂಡದಲ್ಲಿ ಕರೆದ್ಲಂತಲ್ಲ. ನೀನು ಕೈ ಎತ್ತಿ ಒಂದು ನಿಮಿಷ ಅಂದೆಯಂತೆ."

ನನಗೆ ನೆನಪಿಲ್ಲ. ಅವರ ಫೋನ್ ಇನ್ನೂ ಕೊಡಿಸಿಲ್ಲ. ಬರುವ ವಾರ.

"ಹತ್ತಿರ ಬಾ." ಮಂಚದ ಅಂಚಿನಲ್ಲಿ ಕೂತೆ. ಅಮ್ಮನ ಹೊಸ ಕಣ್ಣು ನನ್ನ ಮೇಲೆ ನಿಧಾನವಾಗಿ ಓಡಾಡುತ್ತಾ ಎಡಪಕ್ಕೆಯ ಹತ್ತಿರ, ತೆಳು ರವಿಕೆಯೊಳಗಿಂದ ಕಾಣುವ ಜೇಬಿನ ಮೇಲೆ ನಿಂತಿತು. "ಅಯ್ಯೋ, ಇದೇನೆ, ಬಿಳಿ ಬಟ್ಟೆ! ಕಪ್ಪು ಅಂದ್ಕೊಂಡು ಹೊಲಿದಿದ್ದೆನಲ್ಲ. ನೀನು ಯಾಕೆ ಹೇಳ್ಲಿಲ್ಲ?" ಆಮೇಲೆ, "ಒಳಗೆ ಏನೋ ಕೆಂಪಗೆ ಮಿಣುಕ್ತಾ ಇದೆ."

ಪತ್ರ ಬಂದಿತ್ತು. ಆಶ್ಚರ್ಯವೆಂದರೆ ಆ ಕಿಟಕಿಯಿಂದ ಇಷ್ಟು ದೂರದಲ್ಲೂ ಬಂದಿತ್ತು. ಮತ್ತೆ ಸಿಗ್ನಲ್ ಹೋಗುವ ಮುಂಚೆ ಎಂದು ಕೂಡಲೇ ತೆಗೆದು ಬರೆಯತೊಡಗಿದೆ.

"ನಿನ್ನ ಬೈತಲೆ ಚೆನ್ನಾಗಿ ಕಾಣ್ತಿದೆ," ಎಂದಳು ಅಮ್ಮ. "ಒಂದು ಬಿಳಿ ಕೂದಲೂ ಕಾಣ್ತಿದೆ, ಇಷ್ಟು ಬೇಗ. ಇನ್ನು ಮುಖ ತೋರ್ಸು."

"ಎರಡೇ ಸಾಲು ಅಮ್ಮಾ."

ಎರಡಕ್ಕಿಂತ ಸ್ವಲ್ಪ ಹೆಚ್ಚಾಯಿತು. ಮುಗಿಸಿ ತಲೆಯೆತ್ತಿದಾಗ ಅಮ್ಮ ಕಣ್ಣು ಮುಚ್ಚಿಕೊಂಡಿದ್ದಳು. ಒಂದು ಕೈ ನನ್ನ ಮುಖದ ಎತ್ತರಕ್ಕೆ ಎದ್ದು, ಅಲ್ಲೇ ಗಾಳಿಯಲ್ಲಿ ನಿಂತಿತ್ತು. ಆಮೇಲೆ ಹೊದಿಕೆಯ ಮೇಲೆ ಇಳಿಯಿತು. ಸುಸ್ತಾಗಿರಬೇಕು ಪಾಪ, ಮಲಗಲಿ ಎಂದು ಸದ್ದಾಗದಂತೆ ಎದ್ದು ಬಂದೆ.

ಮ್ಯಾಡ್ರಿಡ್‌ನಿಂದ ಆಗಲೇ ಧನ್ಯವಾದ ಬಂದಿದೆ.